ತಕರಾರಿನ ಹೊಲದ ಹುಲ್ಲು

ಮಂಗಳೂರು ಗ್ರಾಮ, ಯಲಬುರ್ಗಾ ಸೀಮೆ
೯ ನವೆಂಬರ್ ೨೦೨೪

ಸಿದ್ದಾಪುರದಲ್ಲಿರುವ ತಂಗಿ ಹೊಳಿಯವ್ವನಿಗೆ ನಿನ್ನ ಅಣ್ಣ ಬರೆಯುವುದು.

ಒಂಬತ್ತು ವರ್ಷ ಮಾತು ಬಿಟ್ಟವನು ಕಾಗದ ಬರೆದನಲ್ಲ ಅಂತ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಫೋನು ಮಾಡಬಹುದಿತ್ತು, ಆದರೆ ಅದರಲ್ಲಿ ಇಬ್ಬರೂ ಒಟ್ಟಿಗೇ ಒದರುತ್ತೇವೆ. ಕಾಗದದಲ್ಲಿ ನಾನೊಬ್ಬನೇ ಒದರಬಹುದು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನ ಅಕ್ಷರ, ನಗಬೇಡ. ನಿನ್ನನ್ನು ಒಂದು ಮಾತು ಕೇಳಬೇಕಿದೆ, ಕಡೆಗೆ ಕೇಳುತ್ತೇನೆ.

ನಿಮ್ಮೂರ ಹಾಜಿಸಾಬ ಇಲ್ಲಿಗೆ ಅಕ್ಕಿ ಮಾರಲು ಬಂದಾಗ ನೀನು ಹೇಳಿಕಳಿಸಿದ್ದನ್ನು ಹೇಳಿದ. ಗುಡ್ಡದ ಬುಡದ ಎರಡೆಕರೆಯಲ್ಲಿ ನಿನ್ನ ಅರ್ಧ ಕೊಟ್ಟರೆ ಕೋರ್ಟಿನ ತಕರಾರು ಬಿಡುತ್ತೀಯಂತೆ. ಸಂಕ್ರಾಂತಿ ಆದ ಮೇಲೆ ಜೆಸಿಬಿ ತಂದು ನೆಲ ಅಗೆಸಿ ದಾಳಿಂಬೆ ಹಚ್ಚುತ್ತೀಯಂತೆ. ಉತ್ತರ ಕೊಡುವ ಮೊದಲು ಆ ಹೊಲದಲ್ಲಿ ಈಗ ಏನಿದೆ ಅಂತ ನಿನಗೆ ತಿಳಿಯಬೇಕು.

ಹೋದ ವರ್ಷ ಮಳೆಗಾಲದಲ್ಲಿ ಒಬ್ಬ ಹುಡುಗಿ ಅಲ್ಲಿ ಗೂಟ ಬಡಿಯುತ್ತಿದ್ದಳು. ಕೈಯಲ್ಲಿ ಟೇಪು. ನೀನೇ ಅಳತೆಗೆ ಕಳಿಸಿದ್ದೀಯ ಅಂತ ಬಡಿಗೆ ಹಿಡಿದು ಓಡಿದೆ. ಗೂಟ ಕಿತ್ತು ಹಳ್ಳಕ್ಕೆ ಎಸೆದೆ. “ಏ ಹುಡುಗಿ, ನಮ್ಮ ಹೊಳಿಯವ್ವ ಕಳಿಸ್ಯಾಳೇನು ನಿನ್ನ?” ಅಂದೆ.

“ಹೊಳಿಯವ್ವ ಯಾರ್ರಿ ಅಜ್ಜಾ? ನಾ ಹುಲ್ಲು ನೋಡಾಕ ಬಂದೀನ್ರಿ.”

“ಹುಲ್ಲು ನೋಡಾಕ ನೀ ಏನು ಎಮ್ಮಿ ಏನು?” ಅಂದೆ. ಅಳುತ್ತಾಳೆ ಅಂದುಕೊಂಡರೆ ಹೊಟ್ಟೆ ಹಿಡಿದು ನಕ್ಕಳು.

ಹೆಸರು ಅಮೃತಾ, ಕೊಪ್ಪಳದವಳು. ಕಾಲೇಜಿನಲ್ಲಿ ಗಿಡಗಳ ವಿಷಯ ಓದುತ್ತಾಳೆ. ಕಬ್ಬಿಣದ ಚೌಕಟ್ಟನ್ನು ನೆಲಕ್ಕಿಟ್ಟು ಅದರೊಳಗೆ ಯಾವ ಗಿಡ, ಎಷ್ಟಿವೆ ಅಂತ ಎಣಿಸುತ್ತಾಳೆ. ತಿಂಗಳು ಬಿಟ್ಟು ಮತ್ತೆ ಅದೇ ಜಾಗಕ್ಕೆ ಬರುತ್ತಾಳೆ, ಅದಕ್ಕೇ ಗೂಟ. ಉಳುಮೆ ನಿಂತ ನೆಲದಲ್ಲಿ ಮೊದಲು ಯಾವುದು ಹುಟ್ಟುತ್ತದೆ, ಆಮೇಲೆ ಅದನ್ನು ಸರಿಸಿ ಯಾವುದು ಜಾಗ ಹಿಡಿಯುತ್ತದೆ, ಇಷ್ಟೇ ಅವಳ ಓದು. ಇದನ್ನೂ ಓದುತ್ತಾರಾ ಅಂತ ನನಗೆ ನಗು.

“ಅಜ್ಜಾ, ಈ ಹೊಲಾ ಕಡೀಗೆ ಬಿತ್ತಿದ್ದು ಯಾವಾಗ್ರಿ?” ಅಂದಳು. ನಮ್ಮ ಜಗಳದ ವರ್ಷ ಅಂತ ತಿಥಿ ಸಮೇತ ಹೇಳಿದೆ. ಕೋರ್ಟಿನ ತಡೆ ಬಂದ ಮೇಲೆ ನೇಗಿಲು ಇಳಿದಿಲ್ಲ ಅಂದೆ. ಇಷ್ಟು ಖಚಿತವಾಗಿ ಎಲ್ಲೂ ಯಾರೂ ಹೇಳುವುದಿಲ್ಲವಂತೆ. “ಛಲೋ ಜಗಳಾ ಮಾಡೀರಿ ಬಿಡ್ರಿ” ಅಂದಳು. ನಮ್ಮ ಜಗಳವನ್ನು ಹೊಗಳಿದವಳು ಈ ಭೂಮಿಯ ಮೇಲೆ ಅವಳೊಬ್ಬಳೇ.

ಅವತ್ತಿನಿಂದ ಅವಳು ಬಂದಾಗಲೆಲ್ಲ ನಾನೂ ಹಿಂದೆ ತಿರುಗುತ್ತೇನೆ. ಉಳುಮೆ ನಿಂತ ಮೊದಲೆರಡು ವರ್ಷ ಅಲ್ಲಿ ಬರೀ ಕಾಂಗ್ರೆಸ್ ಕಸ, ನೆಗ್ಗಿಲು ಮುಳ್ಳು ಇದ್ದದ್ದನ್ನು ಅವಳಿಗೆ ಹೇಳಿದೆ. ಆಮೇಲೆ ತಂಗಡಿ ಬಂತು, ಬಾರಿ ಹಣ್ಣಿನ ಮುಳ್ಳುಕಂಟಿ ಬಂತು. ಇನ್ನು ಜಾಲಿ ಎಲ್ಲ ನುಂಗುತ್ತದೆ, ಇಲ್ಲಿ ಹುಲ್ಲು ಬಂದರೆ ಮೀಸೆ ಬೋಳಿಸುತ್ತೇನೆ ಅಂದೆ. “ಕಂಟೀ ಬುಡಕ್ಕ ಬಗ್ಗಿ ನೋಡ್ರಿ ಅಜ್ಜಾ” ಅಂದಳು. ನಮ್ಮೂರ ಯಮನೂರನ ಕುರಿಗಳಿಗೆ ಕೋರ್ಟು ಗೊತ್ತಿಲ್ಲ, ಕಂಡದ್ದೆಲ್ಲ ಮೇಯುತ್ತವೆ. ಮುಳ್ಳಿನೊಳಗೆ ಮಾತ್ರ ಮೂತಿ ಹಾಕಲಾರವು. ಅಲ್ಲಿ ಹುಲ್ಲು ಬದುಕಿಕೊಂಡಿತ್ತು. ಅಲ್ಲಿಂದ ಬೀಜ ಹೊರಗೆ ಬಿದ್ದು ಈ ವರ್ಷ ಅರ್ಧ ಹೊಲ ಕೆಂಪಗೆ ತೂಗುತ್ತಿದೆ. ಮೀಸೆಯ ಸುದ್ದಿ ಕೇಳಬೇಡ.

ಯಾವ ಹುಲ್ಲು ಗೊತ್ತೇನು? ಸಂಜೆ ಕಟ್ಟೆಯ ಮೇಲೆ ಕೂತು ಅವ್ವನ ಸೀರೆಯಿಂದ ಸೂಜಿಯಂಥ ಬೀಜ ಕೀಳುತ್ತಿದ್ದೆವಲ್ಲ, ಅದೇ ಕರಡ. ಊರಲ್ಲಿ ಅದರ ವಂಶವೇ ಹೋಯಿತು ಅಂದುಕೊಂಡಿದ್ದೆ. ಅಮೃತಾ ಒಂದು ಸೂಜಿಯನ್ನು ನನ್ನ ಅಂಗೈ ಮೇಲಿಟ್ಟು ನೀರು ಹನಿಸಿದಳು. ಅದರ ಬಾಲ ತಾನಾಗಿಯೇ ತಿರುಗತೊಡಗಿತು, ಬಡಿಗನ ಬೈರಿಗೆಯ ಹಾಗೆ! ಮಳೆ ಬಿದ್ದಾಗ ಹೀಗೆ ತಿರುಗಿ ತನ್ನನ್ನು ತಾನೇ ನೆಲದಲ್ಲಿ ಬಿತ್ತಿಕೊಳ್ಳುತ್ತದಂತೆ. ಜೀವಮಾನವೆಲ್ಲ ಕೂರಿಗೆ ಹಿಡಿದವನು ನಾನು, ಬಾಯಿ ತೆರೆದು ನಿಂತೆ. ಈ ಕಾಗದದೊಳಗೆ ನಾಲ್ಕು ಸೂಜಿ ಇಟ್ಟಿದ್ದೇನೆ. ನೀರು ಹಾಕಿ ನೋಡು.

ಇನ್ನು ಮುಂದೆ ಏನು ಬರುತ್ತದೆ ಅಂತ ಕೇಳಿದೆ. “ಗೊತ್ತಿಲ್ರಿ ಅಜ್ಜಾ, ಅದನ್ನ ನೋಡಾಕ ಬರಾಕತ್ತೀನಿ” ಅಂದಳು. ಆ ಮಾತು ತಲೆಯೊಳಗೆ ಹೊಕ್ಕು ಕೂತಿದೆ. ನನಗೂ ನೋಡಬೇಕಾಗಿದೆ. ಜೆಸಿಬಿ ಬಂದರೆ ಯಾರೂ ನೋಡುವುದಿಲ್ಲ.

ನಿನ್ನ ಅರ್ಧ ನಿನ್ನದೇ. ವಕೀಲನ ಮುಂದೆ ರುಜು ಹಾಕುತ್ತೇನೆ. ತಪ್ಪು ಯಾರದು ಅಂತ ಮಾತ್ರ ಎತ್ತಬೇಡ, ಮತ್ತೆ ಹತ್ತಿಕೊಳ್ಳುತ್ತದೆ. ದಾಳಿಂಬೆ ಹಚ್ಚಲೇಬೇಕು ಅಂದರೆ ಆ ಎಕರೆಯ ಬದಲು ನನ್ನ ಬೋರಿನ ಪಕ್ಕದ ಕೆಂಪು ಮಸಾರಿ ಹೊಲದಲ್ಲಿ ಒಂದು ಎಕರೆ ತಗೋ. ನೀರಿದೆ. “ಹುಲ್ಲಿನ ಸಲುವಾಗಿ ನೀರಿನ ಹೊಲಾ ಬಿಡ್ತಾನ, ಅಪ್ಪಗ ಅರಳುಮರಳು” ಅಂತ ನನ್ನ ಮಗ ದುರಗೇಶ ಊರ ತುಂಬ ಹೇಳಿಕೊಂಡು ತಿರುಗುತ್ತಾನೆ. ತಿರುಗಲಿ. ಹೊಲ ಇನ್ನೂ ನನ್ನ ಹೆಸರಿನಲ್ಲಿದೆ.

ಈಗ ಕೇಳಬೇಕಾದ ಮಾತು. ಆ ಕಡೆಯ ವರ್ಷ ಅಲ್ಲಿ ಏನು ಬಿತ್ತಿದ್ದೆವು? ಹುಡುಗಿಗೆ ಬೇಕಂತೆ. ನಾನು ಮರೆತಿದ್ದೇನೆ. ರಾಶಿಗೆ ನೀನು ಬಂದಿದ್ದೆ, ನಿನಗೆ ನೆನಪಿರುತ್ತದೆ. ಹಾಜಿಸಾಬನ ಕೈಲಿ ಹೇಳಿಕಳಿಸಬೇಡ. ಬಂದು ಹೊಲದಲ್ಲಿ ನಿಂತು ಹೇಳು.

ಹಟಮಾರಿ ತಂಗಿಗೆ ಹಟಮಾರಿ ಅಣ್ಣ,
ಹುಸೇನಪ್ಪ

ತಾ.ಕ.: ಬಿತ್ತಿದ್ದು ಸಜ್ಜೆ. ಹುಡುಗಿಗೆ ಹೋದ ವರ್ಷವೇ ಹೇಳಿದ್ದೇನೆ. ಆದರೂ ಬಾ. ಹಳೆಯ ಸೀರೆ ಉಟ್ಟುಕೊಂಡು ಬಾ. ಸೂಜಿ ಕೀಳುವಷ್ಟು ಕಣ್ಣು ನನಗಿನ್ನೂ ಕಾಣಿಸುತ್ತದೆ.