ತಟ್ಟೆಯ ನಡುವಿಗೆ ಹನ್ನೆರಡು ಅಣಬೆ

ಜನವರಿ 3, ಶುಕ್ರವಾರ. ಬೆಳಿಗ್ಗೆ 11

ಮತ್ತೆ ಕರೆಂಟ್ ಹೋಯಿತು. ನಾಲ್ಕೂ ಮಗ್ಗ ನಿಂತಿವೆ. ಕಿವಿಗೆ ಆರಾಮ, ಕಾಲು ಮಾತ್ರ ಊದಿದೆ. ಐದಕ್ಕೆ ಎದ್ದದ್ದು. ಅವರೆಕಾಳು ಹಿತುಕಿದ್ದು, ಅಡುಗೆ, ಅತ್ತೆಯ ಸ್ನಾನ, ಮಗ್ಗದ ಕಂಡಿಕೆಗೆ ನೂಲು ಸುತ್ತಿದ್ದು… ಇನ್ನೂ ಹನ್ನೊಂದೇ ಗಂಟೆ.

ಕೆಲಸಕ್ಕೆ ಹೊರಟು ಊಟದ ಡಬ್ಬಿ ತೆಗೆದುಕೊಳ್ಳುವಾಗ ಕುಮಾರ ಸುದ್ದಿ ಹೇಳಿದ. ದಾಬಸ್‌ಪೇಟೆಯಲ್ಲಿ, ತನ್ನ ಗೋಡೌನ್ ಹತ್ತಿರ, ಬಾಡಿಗೆ ಮನೆ ನೋಡಿದ್ದಾನಂತೆ. ತಿಂಗಳ ಕೊನೆಗೆ ಗಂಡ ಹೆಂಡತಿ ಹೋಗುತ್ತಾರಂತೆ. ಬಸ್ಸಿನ ಓಡಾಟ ಸಾಕಾಗಿದೆ ಎಂದ. ನನ್ನ ಮಗನ ಸುಳ್ಳು ನನಗೆ ಗೊತ್ತಾಗುವುದಿಲ್ಲವೇ? ಬಿಡದೆ ಕೇಳಿದೆ.

"ಸ್ನೇಹಂಗೆ ಇಲ್ಲಿ ಊಟಾನೇ ಇಲ್ಲ ಕಣಮ್ಮ. ಬರೀ ಅನ್ನ, ಉಪ್ಪಿನಕಾಯಿ. ಹೋಟ್ಲಲ್ಲಾದ್ರೂ ಮೇನ್ ಕೋರ್ಸ್ ಅಂತ ಒಂದಿರುತ್ತೆ."

ಸೊಸೆ ವೀಗನ್. ಹಾಲು, ಮೊಸರು, ತುಪ್ಪ, ಜೇನು — ಒಂದೂ ಮುಟ್ಟಳು. ರೇಷ್ಮೆಯೂ ಇಲ್ಲ. ರೇಷ್ಮೆ ನೇಯುವವರ ಮನೆಗೆ ಪಾಲಿಯೆಸ್ಟರ್ ಸೀರೆಯಲ್ಲಿ ಧಾರೆ ಎರೆಸಿಕೊಂಡು ಬಂದವಳು. ಇಲ್ಲಿ ಸಾರು, ಪಲ್ಯದ ಒಗ್ಗರಣೆಯೆಲ್ಲ ತುಪ್ಪದ್ದೇ. ಅದರ ಮೇಲೆ ನನ್ನ ಅತ್ತೆಯದು ಒಂದು ಕಟ್ಟಳೆ: ಬಡಿಸಿದ ಮೇಲೆ ತಟ್ಟೆಗೆ ತುಪ್ಪದ ಹನಿ ಬೀಳಬೇಕು. ಬಿದ್ದರೆ ಶುದ್ಧಿ, ಆಮೇಲೆ ತುತ್ತು. ಮೂವತ್ತೊಂದು ವರ್ಷದಿಂದ ಆ ಹನಿ ಹಾಕುವ ಕೈ ನನ್ನದು. ಸ್ನೇಹ ತಟ್ಟೆಗೆ ಅಂಗೈ ಅಡ್ಡ ಹಿಡಿದು ಕೂರುತ್ತಾಳೆ. ಐದು ತಿಂಗಳಾಯಿತು.

ಹೋಗಬೇಡಿ ಎನ್ನಲು ಬಾಯಿ ಬರಲಿಲ್ಲ. ಆದರೆ ಹೋಗುವುದು ನನಗೆ ಬೇಡ. ಈ ಮನೆಯಲ್ಲಿ ನನ್ನನ್ನು "ನೀವು ತಿಂದ್ರಾ?" ಎಂದು ಕೇಳುವವಳು ಅವಳೊಬ್ಬಳೇ.

ಜನವರಿ 7. ಮಧ್ಯಾಹ್ನ

ಸ್ನೇಹ ನೋಡಿ ಆಸೆಪಟ್ಟ ವಿಡಿಯೊ ಒಂದನ್ನು ಕುಮಾರ ನನ್ನ ಫೋನಿಗೆ ಕಳಿಸಿದ. ದಪ್ಪ ಅಣಬೆಯ ಹೊಟ್ಟೆಗೆ ಮಸಾಲೆ ತುಂಬಿ ಬೇಯಿಸುವುದು. ನಂಚಿಕೊಳ್ಳಲು ಅಲ್ಲ, ಅದೇ ಊಟ.

ಕುಂದಾಣದ ಗೋವಿಂದರಾಜು ಅಣಬೆ ಬೆಳೆದು ಇಲ್ಲಿಗೆ ತರುತ್ತಾನೆ. ದಪ್ಪದ್ದು ಬೇಕೆಂದೆ. ನಿಮ್ಮ ಮನೆಗಾ ಎಂದು ಎರಡು ಸಲ ಕೇಳಿದ. ಅತ್ತೆಗೆ ಅಣಬೆಯೂ ಒಂದೇ, ಮಾಂಸವೂ ಒಂದೇ. ಅಡುಗೆಮನೆಗೆ ತರುವಂತಿಲ್ಲ. ಹಾಗಾಗಿ ಮಗ್ಗದ ಶೆಡ್ಡಿನ ಮೂಲೆಯಲ್ಲಿ ಹಳೇ ಸಿಂಗಲ್ ಬರ್ನರ್ ಹಚ್ಚಿದೆ. ಗಂಡ ನೋಡಿದರು, ಕೆಮ್ಮಿದರು, ನೂಲಿನ ಕಡೆ ತಿರುಗಿದರು.

ಕೆಟ್ಟುಹೋಯಿತು. ಅಣಬೆ ನೀರು ಬಿಟ್ಟು, ತುಂಬಿದ್ದೆಲ್ಲ ತೇಲಿ, ಸಾರಿನ ಹಾಗಾಯಿತು. ನಿಂತೇ ತಿಂದು ಮುಗಿಸಿದೆ. ಸುಸ್ತು.

ಜನವರಿ 10

ಮೂರನೇ ಸಲ ಸರಿಯಾಯಿತು. ಮೊದಲು ಅಣಬೆಯನ್ನು ಬೋರಲು ಹಾಕಿ ಕಾವಲಿಯಲ್ಲಿ ನೀರೆಲ್ಲ ಇಳಿಸಬೇಕು. ಅದರ ಕಾಲು ಸಣ್ಣಗೆ ಹೆಚ್ಚಿ, ಈರುಳ್ಳಿ, ಸಬ್ಬಸಿಗೆ, ಹಿತುಕಿದ ಅವರೆ. ಹಿಡಿಸಲು ಹುರಿದ ಕಡಲೆಕಾಯಿ ಬೀಜದ ಪುಡಿ, ಕಾಯಿತುರಿ. ಕಡಲೆಕಾಯಿ ಎಣ್ಣೆ. ಮುಚ್ಚಿ, ಸಣ್ಣ ಉರಿ. ಬೆರಳು ಸುಟ್ಟಿದೆ, ಪೆನ್ನು ಹಿಡಿಯಲು ಆಗುತ್ತಿಲ್ಲ.

ಜನವರಿ 12, ಭಾನುವಾರ. ಸಂಜೆ 4

ಹನ್ನೆರಡು ಅಣಬೆ. ಅತ್ತೆಗೆ ಪೊರೆ ಬಂದ ಕಣ್ಣು. ಗುಂಡು ಬದನೆಕಾಯಿ ಎಂದು ಹೇಳಿದೆ. ಸ್ನೇಹಳ ತಟ್ಟೆಯ ನಡುವಿಗೆ ಎಲ್ಲವನ್ನೂ ಬಡಿಸಿದೆ, ಬದಿಯಲ್ಲಿ ಅನ್ನ. ಅವಳು ನೋಡಿದಳು, ನೀರು ತರುತ್ತೇನೆಂದು ಎದ್ದು ಹೋದಳು. ಕಣ್ಣು ಒರೆಸಿಕೊಳ್ಳಲು ಹೋದದ್ದು.

ಅಷ್ಟರಲ್ಲಿ ಅತ್ತೆ ದಿನದ ಹಾಗೆ ಕೂಗಿದರು. "ಶುದ್ಧಿ ಆಯ್ತೇನೇ?"

ಆಯ್ತು ಎಂದೆ. ಎಂದಾಗಲೇ ಗೊತ್ತಾಗಿದ್ದು. ಕೈ ಸಾಲಾಗಿ ಹೋಗಿತ್ತು — ಗಂಡನ ತಟ್ಟೆ, ಕುಮಾರನ ತಟ್ಟೆ, ಅವಳ ತಟ್ಟೆ. ಅಡ್ಡ ಹಿಡಿಯಲು ಅವಳ ಅಂಗೈ ಅಲ್ಲಿರಲಿಲ್ಲ. ಬಿಸಿ ಅಣಬೆಯ ಮೇಲೆ ಬಿದ್ದ ತುಪ್ಪ ಒಂದು ಗಳಿಗೆಯೂ ನಿಲ್ಲದೆ ಇಳಿದುಹೋಯಿತು.

ಅವಳು ಬಂದಳು, ಕೂತಳು. ನಾನು ಬಾಯಿ ಬಿಡಲಿಲ್ಲ. ಹನ್ನೆರಡೂ ತಿಂದಳು.

"ಈ ಮನೆಗೆ ಬಂದ್ಮೇಲೆ ಇವತ್ತೇ ಹೊಟ್ಟೆ ತುಂಬ್ತು ಅತ್ತೆ."

ಕೈ ತೊಳೆಯುವಾಗ ಕುಮಾರ ಪಿಸುಗುಟ್ಟಿದ. ದಾಬಸ್‌ಪೇಟೆಯ ಮನೆ ಬೇಡವೆಂದು ಹೇಳಿಬಿಡುತ್ತಾನಂತೆ. ನಾನು ಪಾತ್ರೆ ಉಜ್ಜುತ್ತಾ ಕೂತೆ. ಸಂತೋಷವಾಗಬೇಕಿತ್ತು.

ಜನವರಿ 13

ಬರೆಯಲು ಏನೂ ಇಲ್ಲ.

ಜನವರಿ 16. ಕರೆಂಟ್ ಇಲ್ಲ

ಹೇಳಿಬಿಟ್ಟೆ. ಸ್ನೇಹ ಬಟ್ಟೆ ಮಡಿಸುತ್ತಿದ್ದಳು. ಅಣಬೆ ಇನ್ನೊಂದು ಸಲ ಮಾಡ್ತೀರಾ ಎಂದು ಕೇಳಿದಳು, ಮಗುವಿನ ಹಾಗೆ. ಇನ್ನು ತಡೆಯಲಾಗಲಿಲ್ಲ.

ಕೈಯಲ್ಲಿದ್ದ ಟವೆಲ್ ಕೆಳಗಿಟ್ಟಳು. ಬೇಕೆಂದೇ ಹಾಕಿದಿರಾ ಎಂದಳು. ಇಲ್ಲ, ಕೈ ತಾನಾಗಿ ಹೋಯಿತು ಎಂದೆ.

"ಅದೇ ಕಷ್ಟ ಅತ್ತೆ. ಬೇಕು ಅಂತ ಹಾಕಿದ್ರೆ ಜಗಳ ಆಡ್ಬೋದಿತ್ತು."

ಬಚ್ಚಲಿಗೆ ಹೋದಳು. ನಲ್ಲಿಯ ಸದ್ದು ತುಂಬ ಹೊತ್ತು ಕೇಳಿಸಿತು. ಸುಮ್ಮನಿದ್ದಿದ್ದರೆ ಅವಳು ಇಲ್ಲೇ ಉಳಿಯುತ್ತಿದ್ದಳು. ಅದು ನನಗೂ ಗೊತ್ತು. ಆದರೆ ದಿನಾ ಆ ಮುಖ ನೋಡಿಕೊಂಡು ಬಡಿಸಲು ನನ್ನಿಂದ ಆಗುತ್ತಿರಲಿಲ್ಲ.

ಜನವರಿ 26

ಟೆಂಪೊ ಬಂತು. ಒಂದು ಮಂಚ, ಬೀರು, ಮಿಕ್ಸಿ, ಅವಳ ಡಬ್ಬಿಗಳು. ಕುಮಾರ ನನ್ನ ಮುಖ ನೋಡಲಿಲ್ಲ. ಸ್ನೇಹ ಅತ್ತೆಯ ಕಾಲಿಗೆ ನಮಸ್ಕರಿಸಿದಳು, ನನ್ನ ಕಾಲಿಗೂ. ತಿಂಡಿ ತಿಂದಿರಾ ಎಂದು ಕೇಳಿದಳು. ತಿಂದೆ ಎಂದೆ. ತಿಂದಿರಲಿಲ್ಲ.

ಫೆಬ್ರವರಿ 9, ಭಾನುವಾರ. 12.40

ಹದಿನಾಲ್ಕು ದಿನ ಈ ಪುಸ್ತಕ ಮುಟ್ಟಲಿಲ್ಲ. ಮಗ್ಗ, ಅಡುಗೆ, ಮಗ್ಗ. ಬೇರೇನಿತ್ತು?

ಇವತ್ತು ಹತ್ತಕ್ಕೆ ಸ್ನೇಹ ಒಬ್ಬಳೇ ಬಸ್ಸಿನಲ್ಲಿ ಬಂದಳು. ಕುಮಾರನಿಗೆ ಶಿಫ್ಟ್. ಚೀಲದಲ್ಲಿ ಎರಡು ಡಬ್ಬ ಅಣಬೆ. ವಾಪಸ್ ಬರುವ ಮಾತಿಲ್ಲ, ಮೊದಲೇ ಹೇಳಿದಳು. ಇನ್ನು ಅವರ ಮನೆ ದಾಬಸ್‌ಪೇಟೆಯದೇ. ನಾನು ಹೂಂ ಎಂದೆ. ಆದರೂ ಅವಳು ಬಂದಿದ್ದಳು.

ಬರ್ನರ್ ಎತ್ತಿಕೊಂಡು ಶೆಡ್ಡಿಗೆ ಹೊರಟೆವು. ಅತ್ತೆ ಜಗಲಿಯಿಂದಲೇ ತಡೆದರು.

"ಅಲ್ಲಿ ಯಾಕೆ ಹೋಗ್ತೀರೇ, ನೂಲಿನ ಧೂಳು ಬೀಳುತ್ತೆ. ನಂಗೆ ಕಣ್ಣು ಹೋಗಿದೆ, ಮೂಗು ಹೋಗಿಲ್ಲ. ಬದನೆಕಾಯಂತೆ."

ಅಡುಗೆಮನೆಯಲ್ಲೇ ಮಾಡಿದೆವು. ಅವರೆ ಮುಗಿದಿದೆ, ತೊಗರಿಕಾಳು ತುಂಬಿದೆ. ಈಗ ಸಣ್ಣ ಉರಿಯಲ್ಲಿದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ತುಪ್ಪದ ಗಿಂಡಿ ಅಡಗಿಸಿಡುತ್ತೇನೆ ಎಂದಿದ್ದೆ. ಬೇಡವೆಂದಳು. ಮೊದಲು ಅಜ್ಜಿ, ಮಾವನ ತಟ್ಟೆಗೆ ಶುದ್ಧಿ ಆಗಲಿ. ಅದು ಮುಗಿದ ಮೇಲೆ ಅವಳಿಗೆ ಬಡಿಸಬೇಕಂತೆ.

"ಆವಾಗ ನಿಮ್ಮ ಬಲಗೈ ನಾನು ಹಿಡ್ಕೊಂಡಿರ್ತೀನಿ. ಎಡಗೈಲಿ ಬಡಿಸಿ, ಪರವಾಗಿಲ್ಲ."

ಎಡಗೈಯಲ್ಲಿ ಬಡಿಸಿದರೆ ಅತ್ತೆ ಏನೆನ್ನುತ್ತಾರೋ. ಅನ್ನಲಿ. ಕರೆಯುತ್ತಿದ್ದಾಳೆ, ತಟ್ಟೆ ಹಾಕಿದ್ದಾಳೆ, ನನಗೂ ಒಂದು. ಈ ಸಾಲು ಮುಗಿಸಿ ಬರುತ್ತೇನೆ ಎಂದೆ. ಪಕ್ಕಕ್ಕೇ ಬಂದು ನಿಂತು, ಪೆನ್ನಿರುವ ಕೈಯನ್ನೇ