ಮುರಿಯದ ತುಂಡುಗಳು

ಅಪ್ಪನಿಗೆ,

ಬೆಳಿಗ್ಗೆ ವರದಿ ಟೈಪು ಮಾಡಲು ಕೂತಾಗ ಫೈಬರ್ ಏಣಿ ಕಂಪನಿಯ ಲಕೋಟೆ ತೆರೆದೆ. ಪರೀಕ್ಷೆಗೆಂದು ಅವರು ನಮ್ಮ ಲ್ಯಾಬಿಗೆ ಕಳಿಸಿದ್ದ ಏಣಿಯ ಆರೂ ತುಂಡುಗಳು ಇಡಿಯಾಗಿದ್ದವು, ಒಂದರಲ್ಲೂ ಬಿರುಕಿಲ್ಲ. ನಿಮ್ಮ ಕೈಬರಹದ ಹಾಳೆಯಲ್ಲಿ ಮಾತ್ರ ಯಾವುದು ಎಷ್ಟು ಭಾರಕ್ಕೆ ಮುರಿಯಿತು ಎಂಬ ಅಂಕಿಗಳಿವೆ. ‘ಗಾಜಿನ ಎಳೆಗಳಿಗೆ ಅಂಟು ಚೆನ್ನಾಗಿ ಹಿಡಿದಿದೆ’ ಎಂದೂ ಬರೆದಿದ್ದೀರಿ. ಮುರಿಯದೆ ಅದು ಹೇಗೆ ಕಂಡಿತು?

ಲಕೋಟೆಯ ನಂಬರನ್ನು ಮೂರು ಸಲ ನೋಡಿದೆ. ನಾನು ಇಲ್ಲಿ ಕೆಲಸಕ್ಕೆ ಸೇರಿದ ದಿನ ನಕ್ಕು ಹೇಳಿದವರು ನೀವೇ: “ತುಂಡು ಮುರೀದೆ ಅಂಕಿ ಬರೆಯೋನು, ಒಲೆ ಹಚ್ಚದೆ ಉಪ್ಪು ಸರಿಯಾಗಿದೆ ಅನ್ನೋ ಅಡುಗೆಯವನ ಥರ ಕಣಮ್ಮಾ.”

ಯಂತ್ರ ನಡೆಸುವ ಅಣ್ಣನಿಗೆ ಹೇಳಿ ಒಂದನ್ನು ಮುರಿಸಿದೆ. “ಸಾರ್ ಮಗಳಿಗೂ ಮುರಿಯೋ ಚಟ ಹತ್ತಿತಾ?” ಎಂದು ನಕ್ಕರು. ಮುರಿದಾಗ ನಗು ನಿಂತಿತು. ಎಳೆಗಳು ತೊಳೆದ ಕೂದಲಿನಂತೆ ಬರಿದಾಗಿ ಹೊರಬಂದವು. ಒಂದಕ್ಕೂ ಅಂಟು ಮೆತ್ತಿರಲಿಲ್ಲ.

ಮೊನ್ನೆ ನೀವು ಸೂಜಿಗೆ ದಾರ ಪೋಣಿಸಲಾಗದೆ ನನ್ನ ಕೈಗೆ ಕೊಟ್ಟದ್ದು ಈಗ ನೆನಪಾಗುತ್ತಿದೆ. ಮುರಿದ ತುದಿಯ ಎಳೆಗಳು ನಿಮಗೆ ಭೂತಗನ್ನಡಿಯಲ್ಲೂ ಕಾಣಿಸುತ್ತಿಲ್ಲವೇ? ಅಮ್ಮನಿಗೆ ಏನೂ ಹೇಳಿಲ್ಲ. ಕರೆಂಟ್ ಕಂಬದ ಕೆಲಸಕ್ಕೆ ಈ ಏಣಿಯನ್ನೇ ಹತ್ತುವವರಲ್ಲಿ ಅವಳ ತಮ್ಮನೂ ಒಬ್ಬ.

ಎದುರು ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಈ ಕಾಗದವನ್ನು ನಿಮ್ಮ ಊಟದ ಡಬ್ಬಿಯ ಕೆಳಗೆ ಇಡುತ್ತಿದ್ದೇನೆ. ಮೊದಲು ಊಟ ಮಾಡಿ. ವರದಿ ಟೈಪು ಮಾಡಿಲ್ಲ. ಮೂರು ಗಂಟೆಯವರೆಗೆ ಮೆಟ್ಟಿಲ ಹತ್ತಿರ ಕಾಯುತ್ತೇನೆ, ಇಬ್ಬರೂ ಸೇರಿ ಮುಖ್ಯಸ್ಥರ ಕೋಣೆಗೆ ಹೋಗೋಣ. ನೀವು ಬರದಿದ್ದರೆ ಲಕೋಟೆ ಹಿಡಿದು ನಾನೊಬ್ಬಳೇ ಹೋಗುತ್ತೇನೆ.

ನಿಮ್ಮ
ಮಗಳು