ಕಾರಣ ಕೇಳುವಂತಿಲ್ಲ

ಅಕ್ಕಾ,

ಇವತ್ತು ವಿಶ್ವವಿದ್ಯಾಲಯದ ಎಥಿಕ್ಸ್ ಕಮಿಟಿ ನನ್ನ ಸಂಶೋಧನೆಯ ಕೊನೆಯ ವರದಿಯನ್ನು ಒಪ್ಪಿಕೊಂಡಿತು. ಮಗುವನ್ನು ಕಳೆದುಕೊಂಡ ಹದಿನಾಲ್ಕು ತಾಯಂದಿರ ಮಾತುಗಳು. ಅದರಲ್ಲಿ ಒಂಬತ್ತನೆಯದು ನಿನ್ನದು. ಅಧ್ಯಕ್ಷರು ಕನ್ನಡಕ ತೆಗೆದು, “ಮಧ್ಯದಲ್ಲಿ ಯಾರಾದ್ರೂ ಬೇಡ ಅಂತ ಹಿಂದೆ ಸರಿದ್ರಾ ಅಮ್ಮಾ?” ಎಂದರು.

“ಯಾರೂ ಇಲ್ಲ ಸರ್,” ಅಂದೆ. ನಾಲಿಗೆ ತಡವರಿಸಲೇ ಇಲ್ಲ.

ಅವರು ತಾಯಂದಿರ ಸಹಿಗೆಂದು ನಾನು ಬರೆದಿದ್ದ ಒಪ್ಪಿಗೆ ಪತ್ರವನ್ನು ಎತ್ತಿ ಹಿಡಿದು, “ಬರೆದ್ರೆ ಹೀಗೆ ಬರೀಬೇಕು,” ಎಂದು ಹೊಗಳಿದರು. ಅದರ ಕೊನೆಯ ಸಾಲು ನೆನಪಿದೆಯಾ? ‘ನೀವು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಯಾರೂ ಕಾರಣ ಕೇಳುವುದಿಲ್ಲ.’

ಆ ದಿನ ಅಡುಗೆಮನೆಯಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ನೀನು ಹೇಳಿದೆ: “ನನ್ನ ಮಾತು ತೆಗೆದುಬಿಡೇ.”

ನಾನು ಕೇಳಿದೆ: “ಯಾಕೆ?”

ನೀನು ಏನೋ ಹೇಳಲು ಹೋಗಿ, “ಹೋಗ್ಲಿ ಬಿಡು,” ಎಂದು ಮತ್ತೆ ತಟ್ಟೆ ತೊಳೆಯಲು ತಿರುಗಿಕೊಂಡೆ. ನಿನ್ನ ಮಾತಿಲ್ಲದೆ ನನ್ನ ಅಧ್ಯಾಯವೇ ಪೂರ್ತಿಯಾಗುತ್ತಿರಲಿಲ್ಲ. ಆ ‘ಹೋಗ್ಲಿ ಬಿಡು’ ಅನ್ನೋದನ್ನೇ ಒಪ್ಪಿಗೆ ಅಂದುಕೊಂಡೆ. ಮೂರು ವಾರಕ್ಕೆ, ನಿನ್ನ ಮಗು ಹೋದ ದಾರಿಯಲ್ಲೇ ನೀನೂ ಹೋಗಿಬಿಟ್ಟೆ.

ಕಮಿಟಿ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಅವರಿನ್ನೂ ಒಳಗಿದ್ದಾರೆ. ಬಾಗಿಲು ತಟ್ಟಲು ಮೂರು ಸಲ ಎದ್ದೆ, ಮೂರು ಸಲವೂ ಕೂತೆ. ಕೈ ಮುಗಿಯುತ್ತೇನೆ ಅಕ್ಕಾ, ತೆಗೆದುಬಿಡು ಅಂತ ಇನ್ನೊಂದೇ ಒಂದು ಸಲ ಹೇಳು. ಈ ಸಲ ಯಾಕೆ ಅಂತ ಕೇಳುವುದಿಲ್ಲ.